ಕಾರಿನ ಮೂಲ ಬಣ್ಣ ಯಾವುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮಾರುತಿ ಸ್ವಿಫ್ಟ್ ನೋಡಿದ್ದೇನೆ. ಬಿಳಿ ಗಾಡಿ, ಆರ್‌ಸಿಯಲ್ಲೂ ವೈಟ್ ಎಂದೇ ಇದೆ. ಪೂರ್ತಿ ಕಂಪನಿ ಪೇಂಟ್ ಎನ್ನುತ್ತಾರೆ ಮಾರುವವರು. ನಂಬಬಹುದೇ? (ಹಾಸನದಿಂದ)

ಉತ್ತರ: ಆರ್‌ಸಿ ನೋಡಿ ನಂಬಬೇಡಿ. ಬಿಳಿ ಗಾಡಿಗೆ ಗ್ಯಾರೇಜಿನಲ್ಲಿ ಮತ್ತೆ ಬಿಳಿಯನ್ನೇ ಹೊಡೆಸಿದರೆ ಆರ್‌ಸಿಯಲ್ಲಿ ಏನೂ ಬದಲಾಗುವುದಿಲ್ಲ. ನೀವು ತಿಳಿಯಬೇಕಾದದ್ದು ಎರಡು ಸಂಗತಿ: ಕಾರ್ಖಾನೆಯಲ್ಲಿ ಹೊಡೆದದ್ದು ಯಾವ ಬಿಳಿ, ಈಗ ಮೈಮೇಲೆ ಇರುವುದು ಅದೇ ಪದರವೇ.

ಮೊದಲನೆಯದಕ್ಕೆ ಪೇಂಟ್ ಕೋಡ್, ಅಂದರೆ ಕಂಪನಿ ಪ್ರತಿ ಬಣ್ಣಕ್ಕೂ ಕೊಡುವ ಗುರುತಿನ ಸಂಖ್ಯೆ, ಹುಡುಕಿ. ಅದು ಚಾಸಿ ನಂಬರಿನೊಳಗೆ ಅಡಗಿದೆ ಎಂದು ಹಲವರು ತಿಳಿದಿದ್ದಾರೆ, ಹಾಗಿಲ್ಲ. 17 ಅಕ್ಷರಗಳ ಆ ನಂಬರಿನಲ್ಲಿ ಬಣ್ಣಕ್ಕೆ ಜಾಗವಿಲ್ಲ. ಅದನ್ನು ಕೊಟ್ಟರೆ ಕಂಪನಿಯ ಸರ್ವಿಸ್ ಸೆಂಟರಿನವರು ದಾಖಲೆಯಲ್ಲಿ ಬಣ್ಣ ಹುಡುಕಬಹುದು, ಅಷ್ಟೆ. ಕೋಡ್ ಇರುವುದು ಗಾಡಿಯ ಫಲಕದಲ್ಲೋ ಸ್ಟಿಕ್ಕರಿನಲ್ಲೋ. ಮಾದರಿಗೆ ತಕ್ಕಂತೆ ಬಾನೆಟ್ ಒಳಗೆ ಅಥವಾ ಡ್ರೈವರ್ ಬಾಗಿಲ ಕಂಬದ ಮೇಲೆ ಸಿಗುತ್ತದೆ. ಟೊಯೊಟಾದಲ್ಲಿ ‘ಸಿ/ಟಿಆರ್’ ಎಂಬ ಸಾಲಿನ ಮೊದಲ ಭಾಗ ಬಣ್ಣದ್ದು, 040 ಎಂದರೆ ಸೂಪರ್ ವೈಟ್. ಫೋಕ್ಸ್‌ವ್ಯಾಗನ್, ಸ್ಕೋಡಾದವರ ಸ್ಟಿಕ್ಕರ್ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿಯಲ್ಲೂ ಸರ್ವಿಸ್ ಪುಸ್ತಕದಲ್ಲೂ ಇರುತ್ತದೆ. ಮಾರುತಿಯಲ್ಲಿ 26ಯು ಸುಪೀರಿಯರ್ ವೈಟ್, ಝಡ್‌ಎಚ್‌ಜೆ ಪರ್ಲ್ ಆರ್ಕ್ಟಿಕ್ ವೈಟ್. ಎರಡೂ ಬಿಳಿಯೇ, ಆದರೆ ಎರಡನೆಯದು ಬಿಸಿಲಿಗೆ ಮುತ್ತಿನ ಹಾಗೆ ಮಿನುಗಬೇಕು. ಕೋಡ್ ಪರ್ಲ್ ಎಂದು ಹೇಳಿ ಬಾಗಿಲು ಸುಣ್ಣದಂತೆ ಮಂಕಾಗಿದ್ದರೆ ಅಲ್ಲಿಗೇ ಅನುಮಾನ ಶುರುವಾಗಲಿ.

ಎರಡನೆಯದಕ್ಕೆ ಪೇಂಟ್ ದಪ್ಪ ಅಳೆಯುವ ಮೀಟರ್ ಬೇಕು. ಅಳೆಯುವ ಮುನ್ನ ಜೊತೆಗೆ ಬರುವ ಖಾಲಿ ಉಕ್ಕಿನ ತುಂಡಿನ ಮೇಲೆ ಸೊನ್ನೆ ಮಾಡಿ, ಪ್ಲಾಸ್ಟಿಕ್ ಹಾಳೆಯನ್ನು ಇಟ್ಟು ಅದರ ಮೇಲೆ ಬರೆದಿರುವ ಅಳತೆ ಬರುತ್ತದೆಯೇ ನೋಡಿ. ಗಾಡಿ ತೊಳೆದು ಒರೆಸಿರಬೇಕು. ಮೊದಲು ರೂಫ್ ಅಳೆಯಿರಿ, ಅಪಘಾತದಲ್ಲಿ ಪೆಟ್ಟು ತಿನ್ನುವುದು ಅಪರೂಪವಾದ್ದರಿಂದ ಅದು ಒಳ್ಳೆಯ ಹೋಲಿಕೆ. ಆಮೇಲೆ ಪ್ರತಿ ಬಾಗಿಲು, ಫೆಂಡರ್ (ಚಕ್ರದ ಮೇಲಿನ ತಗಡು), ಬಾನೆಟ್‌ಗಳಲ್ಲಿ ಐದೈದು ಕಡೆ ಅಳೆಯಿರಿ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಒಂದೇ ಬಾಗಿಲು 200 ದಾಟಿದರೆ ಮೇಲೊಂದು ಕೋಟ್ ಬಿದ್ದಿದೆ. 500 ದಾಟಿದರೆ ಒಳಗೆ ಪುಟ್ಟಿ ಇದೆ ಎಂದೇ ಲೆಕ್ಕ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಮೀಟರ್ ಓದುವುದಿಲ್ಲ.

ಮೀಟರಿಗೂ ಒಂದು ಕುರುಡುತನವಿದೆ. ಹೊಸ ಫೆಂಡರ್ ತಂದು ಪೇಂಟ್ ಮಾಡಿ ಕೂರಿಸಿದ್ದರೆ ಅಳತೆ ಸಹಜವಾಗಿಯೇ ಬರಬಹುದು. ಅದಕ್ಕೇ ಬೋಲ್ಟ್ ನೋಡಬೇಕು. ಬಾನೆಟ್ ಹಿಂಜ್, ಫೆಂಡರ್ ಬೋಲ್ಟ್‌ಗಳ ಮೂಲೆಗಳಲ್ಲಿ ಪೇಂಟ್ ಕಿತ್ತು ಸ್ಪ್ಯಾನರ್ ಗುರುತು ಕಂಡರೆ ಅವು ಬಿಚ್ಚಿದವು. ಬಾಗಿಲ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಸ್ವಲ್ಪ ಎಳೆದು ಉಗುರು ಆಡಿಸಿ, ಗಟ್ಟಿ ಗೆರೆ ತಾಗಿದರೆ ಅದು ಮತ್ತೆ ಪೇಂಟ್ ಮಾಡುವಾಗ ಟೇಪ್ ಹಚ್ಚಿದ ಅಂಚು. ರಬ್ಬರಿನ ಮೇಲೆ, ವೀಲ್ ಆರ್ಚ್ ಒಳಗೆ ಸಣ್ಣ ಪೇಂಟ್ ಹನಿಗಳಿದ್ದರೂ ಅದೇ ಅರ್ಥ. ಬಾನೆಟ್ ಅಡಿಭಾಗ ಮೇಲಿನಷ್ಟು ಹೊಳೆಯದಿದ್ದರೆ ಮಾತ್ರ ಗಾಬರಿ ಬೇಡ, ಒಳಭಾಗಕ್ಕೆ ಲ್ಯಾಕರ್ (ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಪದರ) ತೆಳುವಾಗಿ ಹೊಡೆಯುವ ಕಂಪನಿಗಳಿವೆ.

ಪ್ರಶ್ನೆ: ಝಡ್‌2ಎಸ್ ಸಿಲ್ಕಿ ಸಿಲ್ವರ್ ಎಂದು ಕೋಡ್ ಹೇಳಿಯೇ ಬಾಗಿಲು ಪೇಂಟ್ ಮಾಡಿಸಿದೆ. ಎದುರಿಂದ ಸರಿ, ಓರೆಯಾಗಿ ನೋಡಿದರೆ ಕಪ್ಪಾಗಿ ಕಾಣುತ್ತದೆ. ಕೋಡೇ ತಪ್ಪೇ? (ದಾವಣಗೆರೆಯಿಂದ)

ಉತ್ತರ: ಕೋಡ್ ತಪ್ಪಿರಲಾರದು. ಸಿಲ್ವರಿನಲ್ಲಿ ಬಣ್ಣದಷ್ಟೇ ಮುಖ್ಯ ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಮಲಗುವ ರೀತಿ. ಪೇಂಟ್ ಹೊಡೆಯುವ ಸ್ಪ್ರೇ ಗನ್‌ನ ಗಾಳಿ ಹೆಚ್ಚಾಗಿ ಕೋಟ್ ಒಣಗಿಕೊಂಡು ಬಿದ್ದರೆ ಚೂರುಗಳು ಚಪ್ಪಟೆಯಾಗಿ ಮಲಗುತ್ತವೆ. ಆಗ ಎದುರಿಗೆ ಬೆಳ್ಳಗೆ, ಓರೆಗೆ ಕಪ್ಪು. ತೀರಾ ಒದ್ದೆಯಾಗಿ ಬಿದ್ದರೆ ಇದಕ್ಕೆ ತದ್ವಿರುದ್ಧ. ಇದರ ಜೊತೆಗೆ ಒಂದೇ ಕೋಡಿಗೆ ಪೇಂಟ್ ಮಿಕ್ಸಿಂಗ್ ಅಂಗಡಿಯಲ್ಲಿ ಹಲವು ಶೇಡ್‌ಗಳು ಇರುತ್ತವೆ. ಬಾಗಿಲಿಗೆ ಹೊಡೆಯುವ ಮುನ್ನ ಎರಡು ಮೂರು ಶೇಡ್‌ಗಳನ್ನು ತಗಡಿನ ಕಾರ್ಡಿಗೆ ಹೊಡೆದು, ಲ್ಯಾಕರ್ ಹಾಕಿ, ಒಣಗಿಸಿ, ಪಾಲಿಶ್ ಮಾಡಿದ ಹಳೆಯ ಪೇಂಟಿನ ಪಕ್ಕ ಹಿಡಿದು ನೋಡಬೇಕಿತ್ತು. ನೋಡುವುದು ಹಗಲು ಬೆಳಕಿನಲ್ಲಿ, ಮೂರು ಕೋನಗಳಿಂದ. ಟ್ಯೂಬ್‌ಲೈಟ್ ಕೆಳಗೆ ಜೋಡಿಯಾದದ್ದು ಬಿಸಿಲಿಗೆ ಬಂದರೆ ಬೇರೆಯಾಗುತ್ತದೆ. ಈಗ ಬಾಗಿಲಿಗೆ ಮತ್ತೆ ಬೇಸ್ ಕೋಟ್ (ಲ್ಯಾಕರ್ ಅಡಿಯ ಬಣ್ಣದ ಪದರ) ಹೊಡೆಯುವಾಗ ಅಕ್ಕಪಕ್ಕದ ಫೆಂಡರ್ ಮತ್ತು ಹಿಂಬಾಗಿಲಿಗೂ ಸ್ವಲ್ಪ ಹರಡಿ, ಮೂರಕ್ಕೂ ಪೂರ್ತಿ ಲ್ಯಾಕರ್ ಹಾಕಿಸಿ.

ಪ್ರಶ್ನೆ: ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಈಗ ಕೆಂಪು, ಕೆಳಗೆ ಬೇರೆ ಬಣ್ಣ ಇಣುಕುತ್ತಿದೆ. ಮೂಲ ಬಣ್ಣಕ್ಕೆ ಮರಳಿಸಬೇಕು. (ಮೈಸೂರಿನಿಂದ)

ಉತ್ತರ: ಫೆಂಡರ್ ಕೆರೆದು ನಿರ್ಧರಿಸಬೇಡಿ. ಬೀಟಲಿನ ನಾಲ್ಕು ಫೆಂಡರುಗಳೂ ಬೋಲ್ಟಿನವು, ಬೇರೆ ಗಾಡಿಯಿಂದ ಬಂದಿರಬಹುದು. ಡ್ಯಾಶ್‌ಬೋರ್ಡಿನ ಬೆನ್ನು, ಫೆಂಡರ್ ಮತ್ತು ಬಾಡಿಯ ನಡುವಿನ ಬೀಡಿಂಗ್ ಅಡಿ ಬಾಡಿಯ ಕಡೆ, ಬಾಗಿಲ ಪ್ಯಾಡ್ ಹಿಂದೆ ನೋಡಿ. ಬಿಸಿಲು ತಾಗದ ಈ ಜಾಗಗಳಲ್ಲಿ ಬಣ್ಣ ಹೆಚ್ಚು ಮಾಸಿರುವುದಿಲ್ಲ. ಬಾಡಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು 800 ನಂಬರ್ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, 2000ದಿಂದ ನುಣುಪು ಮಾಡಿದರೆ ಪದರಗಳು ಬಳೆಗಳಂತೆ ಕಾಣುತ್ತವೆ. ತಗಡಿಗೆ ಹತ್ತಿದ ಪ್ರೈಮರಿನ ನೇರ ಮೇಲಿನ ಬಣ್ಣವೇ ಮೂಲದ್ದು. ಆದರೆ ಹಿಂದೆ ಯಾರಾದರೂ ತಗಡಿನವರೆಗೂ ಕೆರೆಸಿದ್ದರೆ ಈ ಸಾಕ್ಷಿ ಹೋಗಿರುತ್ತದೆ.

ದಾಖಲೆ ಬೇಕಿದ್ದರೆ ಜರ್ಮನಿಯ ವೋಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಆಟೋಮ್ಯೂಸಿಯಂ ಪ್ರತಿಷ್ಠಾನ ಶುಲ್ಕ ಪಡೆದು ಜನ್ಮಪತ್ರ ಕೊಡುತ್ತದೆ. ತಯಾರಾದ ದಿನ, ಮೂಲ ಬಣ್ಣ ಅದರಲ್ಲಿರುತ್ತವೆ. ಹಿಂದಿನ ಸೀಟಿನ ಅಡಿ ಮಧ್ಯದ ದಿಣ್ಣೆಯ ಮೇಲೆ ಕೆತ್ತಿರುವ ಚಾಸಿ ನಂಬರ್ ಕಳಿಸಿ. ಕೋಡ್ ಎಲ್ ಅಕ್ಷರದಿಂದ ಶುರುವಾಗುತ್ತದೆ, ಎಲ್41 ಕಪ್ಪು, ಎಲ್87 ಪರ್ಲ್ ವೈಟ್.

ಆರ್‌ಸಿಯಲ್ಲಿ ಈಗ ಕೆಂಪು ಎಂದಿದ್ದರೆ ಪೇಂಟಿಗೆ ಕೊಡುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ ಬಣ್ಣ ಬದಲಾವಣೆಗೆ ಅರ್ಜಿ ಹಾಕಿ, ವಿಮೆಯವರಿಗೂ ತಿಳಿಸಿ. ಕೆಂಪನ್ನು ಕೆರೆಯುವ ಮುನ್ನ ಆ ಉಜ್ಜಿದ ಜಾಗದ ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ.