ಬ್ಯಾಲೆನ್ಸ್ ಆದ ವೀಲ್ ಹಾಕಿದರೂ ಟರ್ಬೊ ಕೂಗುವುದೇಕೆ?

ಪ್ರಶ್ನೆ: ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಮೂಲ ಕಂಪ್ರೆಸರ್ ವೀಲ್ (ಗಾಳಿ ಒತ್ತುವ ಚಕ್ರ) ತೆಗೆದು, ಇಡೀ ಲೋಹದ ಗಟ್ಟಿಯಿಂದ ಕಡೆದ ದೊಡ್ಡ ಬಿಲೆಟ್ ವೀಲ್ ಹಾಕಿದ್ದೇನೆ. ಬ್ಯಾಲೆನ್ಸ್ ಮಾಡಿಯೇ ಕೊಟ್ಟ ವೀಲ್ ಅದು. ಆದರೂ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಏರುತ್ತಿದ್ದಂತೆ ಸೈರನ್‌ನಂತೆ ಕೂಗುತ್ತದೆ. ಹೀಗೇ ಓಡಿಸಬಹುದೇ?

ಉತ್ತರ: ಬೇಡ. ಮೊದಲು ಬೂಸ್ಟ್ ಪೈಪು, ಕ್ಲ್ಯಾಂಪುಗಳಲ್ಲಿ ಗಾಳಿ ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಸೋರಿಕೆಯೂ ಹೀಗೇ ಕೂಗುತ್ತದೆ. ಅಲ್ಲಿ ಏನೂ ಇಲ್ಲವೆಂದರೆ ಕೋರ್ (ಶಾಫ್ಟ್, ಬೇರಿಂಗ್, ವೀಲುಗಳಿರುವ ನಡುಭಾಗ) ಬಿಚ್ಚಲೇಬೇಕು.

ವೀಲನ್ನು ಬ್ಯಾಲೆನ್ಸ್ ಮಾಡಿದ್ದು ಬೇರೊಂದು ಶಾಫ್ಟಿನ ಮೇಲೆ. ನಿಮ್ಮ ಶಾಫ್ಟಿನ ಮೇಲೆ ಅದು ಎಲ್ಲಿ ಕೂರುತ್ತದೆ ಎನ್ನುವುದು ಬೇರೆಯೇ ಲೆಕ್ಕ. 100 ಗ್ರಾಂ ತೂಕದ ವೀಲ್ ಕೇಂದ್ರದಿಂದ ಬರೀ 0.01 ಮಿ.ಮೀ. ಸರಿದು ಕೂತಿದೆ ಎನ್ನಿ. ನಿಮಿಷಕ್ಕೆ 1,50,000 ಸುತ್ತು ತಿರುಗುವಾಗ ಅದು ಬೇರಿಂಗನ್ನು ಸುಮಾರು 25 ಕೆ.ಜಿ. ಭಾರದಷ್ಟು ಬಲದಿಂದ ಎಳೆಯುತ್ತದೆ, ಅದೂ ಸೆಕೆಂಡಿಗೆ 2,500 ಬಾರಿ ದಿಕ್ಕು ಸುತ್ತಿ. ಬೇರಿಂಗಿನ ಎಣ್ಣೆಪದರ ಇದನ್ನು ಬಹಳ ದಿನ ತಾಳದು. ಬೇರಿಂಗ್ ಸವೆದ ಮೇಲೆ ಬ್ಲೇಡಿನ ತುದಿ ಹೌಸಿಂಗಿಗೆ (ಹೊರಕವಚಕ್ಕೆ) ತಾಗುತ್ತದೆ, ಅಲ್ಲಿಗೆ ಹೊಸ ವೀಲೂ ಹೋಯಿತು.

ಬಿಚ್ಚುವ ಮುನ್ನ ನಟ್, ವೀಲ್, ಶಾಫ್ಟ್ ತುದಿ ಮೂರಕ್ಕೂ ಒಂದೇ ನೇರಕ್ಕೆ ಪೇಂಟ್ ಗುರುತು ಹಾಕಿ. ಹಲವು ಟರ್ಬೊಗಳಲ್ಲಿ ಈ ನಟ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆ, ನೋಡಿಕೊಂಡೇ ತಿರುಗಿಸಿ. ಎಂಜಿನ್ನಿನ ಹೊಗೆಯಿಂದ ತಿರುಗುವ ಟರ್ಬೈನ್ ವೀಲ್ ಶಾಫ್ಟಿಗೆ ಬೆಸೆದೇ ಇರುವುದರಿಂದ ಅದನ್ನು ಒಂದೇ ಭಾಗವಾಗಿ, ಕಂಪ್ರೆಸರ್ ವೀಲನ್ನು ಪ್ರತ್ಯೇಕವಾಗಿ, ಎರಡನ್ನೂ ಮುಂದೆ-ಹಿಂದೆ ಎರಡು ತಲದಲ್ಲಿ ಬ್ಯಾಲೆನ್ಸ್ ಮಾಡಿಸಿ. ಒಂದೇ ತಲದಲ್ಲಿ ಸರಿಮಾಡಿದರೆ ಶಾಫ್ಟ್ ಎರಡು ತುದಿಗಳಲ್ಲಿ ವಿರುದ್ಧ ದಿಕ್ಕಿಗೆ ಓಲಾಡುವುದು ಉಳಿದೇ ಉಳಿಯುತ್ತದೆ.

ನಮ್ಮ ಅನುಮಾನ ಹೆಚ್ಚಾಗಿ ನಟ್ಟಿನ ಮೇಲೆ. ನಟ್, ವೀಲ್, ಥ್ರಸ್ಟ್ ಕಾಲರ್ (ವೀಲಿನ ಹಿಂದೆ ಶಾಫ್ಟಿನ ಮೇಲೆ ಕೂರುವ ಉಂಗುರ) ಕೂಡುವ ಮುಖಗಳು ಪರಸ್ಪರ ಸಮಾನಾಂತರವಾಗಿರಬೇಕು. ನಡುವೆ ಒಂದು ಚೂರು ಕಾರ್ಬನ್ ಸಿಕ್ಕಿದ್ದರೂ ಬಿಗಿಮಾಡುವಾಗ ತೆಳ್ಳನೆಯ ಶಾಫ್ಟ್ ಬಾಗುತ್ತದೆ. ಮುಖಗಳನ್ನು ಒರೆಸಿ, ಶಾಫ್ಟಿನ ತುದಿಗೆ ಡಯಲ್ ಗೇಜ್ ಇಟ್ಟು, ಬಿಗಿಮಾಡುವ ಮೊದಲೊಮ್ಮೆ, ಆಮೇಲೊಮ್ಮೆ ನಿಧಾನವಾಗಿ ತಿರುಗಿಸಿ ನೋಡಿ. ಬಿಗಿಮಾಡಿದ ಮೇಲೆ ಮುಳ್ಳಿನ ಓಲಾಟ ಹೆಚ್ಚಿದರೆ ದೋಷ ಈ ಮುಖಗಳಲ್ಲೇ ಇದೆ. ಅದನ್ನು ಸರಿಪಡಿಸದೆ, ಬ್ಯಾಲೆನ್ಸಿಗೆಂದು ಲೋಹ ಉಜ್ಜಿ ಮುಚ್ಚಿದರೆ ಒಂದು ವೇಗದಲ್ಲಿ ಸದ್ದಡಗೀತು, ಇನ್ನೊಂದರಲ್ಲಿ ಮತ್ತೆ ಏಳುತ್ತದೆ. ನಟ್ಟಿನ ಬಿಗಿತ ನಿಮ್ಮ ಮಾಡೆಲ್ಲಿಗೆ ಹೇಳಿದಷ್ಟೇ ಇರಲಿ, ಕೈಯಂದಾಜು ಬೇಡ.

ಜೋಡಿಸಿದ ಕೋರನ್ನು ಕೊನೆಗೆ ಹೈಸ್ಪೀಡ್ ಯಂತ್ರದಲ್ಲಿ, ಬಿಸಿ ಎಣ್ಣೆಯನ್ನು ಒತ್ತಡದಲ್ಲಿ ಕೊಟ್ಟು, ಗಾಳಿಯಿಂದ ತಿರುಗಿಸಿ ಪರೀಕ್ಷಿಸಬೇಕು. ಒಂದೇ ವೇಗದ ಅಂಕಿ ಸಾಲದು; ಕೆಳಗಿನಿಂದ ಮೇಲಿನ ವೇಗದವರೆಗಿನ ಪೂರ್ತಿ ಗ್ರಾಫ್ ಕೇಳಿ ಪಡೆಯಿರಿ. ಕಂಪನ ಸುತ್ತಿನ ವೇಗಕ್ಕೆ ಸರಿಯಾಗಿ ಬರುತ್ತಿದ್ದರೆ ಅದು ಬ್ಯಾಲೆನ್ಸಿನ ದೋಷ. ಸುತ್ತಿನ ವೇಗದ ಅರ್ಧದ ಆಸುಪಾಸಿನಲ್ಲಿ ಬಂದರೆ ಎಣ್ಣೆಪದರದ ಸುಳಿ, ಅಂದರೆ ಬೇರಿಂಗಿನ ಎಣ್ಣೆಯೇ ಶಾಫ್ಟನ್ನು ಸುತ್ತಾಡಿಸುವುದು. ಆಗ ಬೇರಿಂಗಿನ ಸಂದು, ಎಣ್ಣೆಯ ಒತ್ತಡ ನೋಡಬೇಕೇ ಹೊರತು ಉಜ್ಜಿ ಪ್ರಯೋಜನವಿಲ್ಲ. ಈ ಹಂತದಲ್ಲಿ ಲೋಹ ತೆಗೆಯುವುದು ನಟ್ಟಿನ ಅಂಚು ಮತ್ತು ವೀಲಿನ ಮೂತಿಯಲ್ಲಿ ಮಾತ್ರ, ಅದೂ ಸ್ವಲ್ಪ ತೆಗೆದು ಮತ್ತೆ ತಿರುಗಿಸಿ ನೋಡುತ್ತ. ಬ್ಲೇಡ್ ಮುಟ್ಟುವವರ ಕೈಗೆ ಕೋರ್ ಕೊಡಬೇಡಿ. ಬ್ಲೇಡಿನ ಮೇಲಿನ ಗೀರೇ ಬಿರುಕಿನ ಮೊದಲು.

ದೊಡ್ಡ ವೀಲ್ ಥ್ರಸ್ಟ್ ಬೇರಿಂಗಿನ (ಶಾಫ್ಟ್ ಹಿಂದೆ-ಮುಂದೆ ಸರಿಯದಂತೆ ತಡೆಯುವ ಬೇರಿಂಗಿನ) ಮೇಲಿನ ಹೊರೆಯನ್ನೂ ಬದಲಿಸುತ್ತದೆ. ಬಿಚ್ಚಿದಾಗಲೇ ಅದರ ಸವೆತ ನೋಡಿಬಿಡಿ. ನಿಮ್ಮದು ಮುಕ್ಕಾಲು ಸುತ್ತಿನ, ಅಂದರೆ 270 ಡಿಗ್ರಿಯದಾಗಿದ್ದು, ನಿಮ್ಮ ಮಾಡೆಲ್ಲಿಗೆ ಪೂರ್ತಿ ಸುತ್ತಿನ 360 ಡಿಗ್ರಿಯದು ಸಿಗುವುದಾದರೆ ಅದನ್ನೇ ಹಾಕಿಸಿ. ಆದರೆ ಅದು ಬ್ಯಾಲೆನ್ಸಿಗೆ ಮೊದಲೇ ಆಗಬೇಕು, ಆಮೇಲೆ ಬಿಚ್ಚಿದರೆ ಕೋರನ್ನು ಮತ್ತೆ ಯಂತ್ರಕ್ಕೆ ಏರಿಸಬೇಕಾಗುತ್ತದೆ.