ಇಇಜಿ, ಎಫ್‌ಎಂಆರ್‌ಐ ಇರುವಾಗ ತಲೆಗೆ ಕಾಯಿಲ್ ಹಿಡಿಯುವುದು ಯಾಕೆ?

ಮಿದುಳಿನ ಕೆಲಸ ನೋಡೋಕೆ ಇಇಜಿ (ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಸಿಗ್ನಲ್ ಹಿಡಿಯುವುದು), ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸುವ ಸ್ಕ್ಯಾನ್) ಇವೆಯಲ್ಲ, ಮತ್ತೆ ಆರೋಗ್ಯವಾಗಿರುವವರ ತಲೆಗೆ ಟಿಎಂಎಸ್ ಕಾಯಿಲ್ (ಹೊರಗಿನಿಂದಲೇ ಕಾಂತಕ್ಷೇತ್ರದ ಮೂಲಕ ಮಿದುಳನ್ನು ಕೆಣಕುವ ತಂತಿಯ ಸುರುಳಿ) ಹಿಡಿದು ಕೆಣಕುವುದು ಯಾಕೆ, ಅಪಾಯ ಅಲ್ವಾ ಅಂತ ಕೇಳಿದ್ದೀರಿ. ನಾನು ಇಂಥದ್ದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಾಯಿಲ್ ಹಿಡಿದಿದ್ದೇನೆ, ಅದರ ಕೆಳಗೆ ಕೂತೂ ಇದ್ದೇನೆ.

ಸುಮ್ನೆ ನೋಡುತ್ತಾ ಕೂತರೆ ಕಾರಣ ಗೊತ್ತಾಗುವುದಿಲ್ಲ. ಓದುವಾಗ ಮಿದುಳಿನ ಯಾವುದೋ ಭಾಗ ಚುರುಕಾಯಿತು ಅಂತ ಸ್ಕ್ಯಾನ್ ತೋರಿಸುತ್ತದೆ. ಆದರೆ ಓದೋಕೆ ಆ ಭಾಗ ಬೇಕೇ ಬೇಕಾ, ಇಲ್ಲಾ ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯ್ತಾ? ಇದು ತಿಳಿಯಬೇಕಾದರೆ ಆ ಭಾಗದ ಕೆಲಸಕ್ಕೆ ಒಂದು ಕ್ಷಣ ಅಡ್ಡಿ ಮಾಡಿ, ಓದು ತಪ್ಪುತ್ತದಾ ಅಂತ ನೋಡಬೇಕು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಬ್ರೈಲ್ ಓದುವವರದ್ದು. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು ಬೆರಳಿನಿಂದ ಬ್ರೈಲ್ ಓದುವಾಗ, ತಲೆಯ ಹಿಂಭಾಗದ ದೃಷ್ಟಿಯ ಪ್ರದೇಶವೂ ಚುರುಕಾಗುತ್ತದೆ ಅಂತ 1996ರಲ್ಲಿ ಪೆಟ್ ಅನ್ನುವ ಇನ್ನೊಂದು ಬಗೆಯ ಸ್ಕ್ಯಾನ್‌ನಿಂದ ಗೊತ್ತಾಯಿತು. ಕಣ್ಣೇ ಕಾಣದವರಿಗೆ ಆ ಭಾಗದಿಂದ ಏನು ಕೆಲಸ? ಮರುವರ್ಷ ಅದೇ ಜಾಗಕ್ಕೆ ಟಿಎಂಎಸ್ ಕೊಟ್ಟು ನೋಡಿದರು. ಅವರ ಓದು ತಪ್ಪತೊಡಗಿತು, ಬೆರಳಿಗೆ ಸಿಗುವ ಚುಕ್ಕೆಗಳೇ ಕಲಸಿಹೋದ ಹಾಗಾಯಿತು. ಕಣ್ಣು ಕಾಣುವವರಿಗೆ ಅಲ್ಲೇ ಕೊಟ್ಟಾಗ ಅವರ ಸ್ಪರ್ಶಕ್ಕೆ ಏನೂ ಆಗಲಿಲ್ಲ. ಅಂದರೆ ಕುರುಡರಲ್ಲಿ ಆ ಭಾಗ ನಿಜವಾಗಿಯೂ ಓದಿನ ಕೆಲಸಕ್ಕೆ ಇಳಿದಿದೆ. ಎಷ್ಟು ಸ್ಕ್ಯಾನ್ ಮಾಡಿದ್ದರೂ ಇಷ್ಟು ಧೈರ್ಯವಾಗಿ ಈ ಮಾತು ಹೇಳೋಕೆ ಆಗುತ್ತಿರಲಿಲ್ಲ.

ಹಾಗಂತ ರೆಕಾರ್ಡಿಂಗ್ ಕಡಿಮೆಯದ್ದಲ್ಲ. ಇಇಜಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಹೇಳುತ್ತದೆ, ಆದರೆ ತಲೆಬುರುಡೆ ದಾಟಿ ಬರುವಾಗ ಸಿಗ್ನಲ್ ಹರಡಿಹೋಗುವುದರಿಂದ ಎಲ್ಲಿಂದ ಬಂತು ಅನ್ನುವುದು ಮಸುಕು. ಎಫ್‌ಎಂಆರ್‌ಐ ಜಾಗವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದು ಅಳೆಯುವುದು ರಕ್ತದಲ್ಲಿನ ಬದಲಾವಣೆಯನ್ನು. ಅದು ಏರಿ ತುದಿ ಮುಟ್ಟೋಕೆ ಸುಮಾರು 5 ಸೆಕೆಂಡ್ ಬೇಕು.

ಈಗ ಕಾಯಿಲ್ ವಿಷಯ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಜೊತೆಯವರು ಇದನ್ನು ಮೊದಲು ತೋರಿಸಿದರು. ಕಾಯಿಲ್‌ನಲ್ಲಿ ಕ್ಷಣಮಾತ್ರ ಜೋರಾಗಿ ಕರೆಂಟ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ಮೂಳೆ ದಾಟಿ ಹೋಗಿ, ಕೆಳಗಿರುವ ಮಿದುಳಿನಲ್ಲಿ ಚಿಕ್ಕ ಕರೆಂಟ್ ಹುಟ್ಟಿಸುತ್ತದೆ. ಮೊದಲು ಕೈಯನ್ನು ಆಡಿಸುವ ಜಾಗ ಹುಡುಕುತ್ತೇವೆ. ಕಾಯಿಲ್ ಸ್ವಲ್ಪ ಆಚೆ, ಸ್ವಲ್ಪ ಈಚೆ. ಟಕ್, ಏನೂ ಇಲ್ಲ. ಟಕ್, ಏನೂ ಇಲ್ಲ. ಇನ್ನೊಂದು ಟಕ್‌ಗೆ ಹೆಬ್ಬೆರಳು ತಾನಾಗಿಯೇ ಕುಪ್ಪಳಿಸುತ್ತದೆ. ಮೊದಲ ಸಲ ಕೂತವರು ಹೆಚ್ಚಿನವರು ಇಲ್ಲಿ ನಕ್ಕುಬಿಡುತ್ತಾರೆ. ಆಮೇಲೆ ಶಕ್ತಿ ಇಳಿಸುತ್ತಾ, ಅರ್ಧದಷ್ಟು ಸಲ ಮಾತ್ರ ಸ್ನಾಯು ಸ್ಪಂದಿಸುವ ಮಟ್ಟ ಹಿಡಿಯುತ್ತೇವೆ. ಆ ವ್ಯಕ್ತಿಯ ಡೋಸ್ ಲೆಕ್ಕ ಶುರುವಾಗುವುದು ಅಲ್ಲಿಂದ.

ಕಷ್ಟ ಇರುವುದು ಬೇರೆ ಕಡೆ. ಆ ಟಕ್ ಶಬ್ದ ಜೋರು, ಕಿವಿಗೆ ಪ್ಲಗ್ ಬೇಕು. ಹಣೆಯ ಹತ್ತಿರ ಕೊಟ್ಟರೆ ಮುಖದ ಸ್ನಾಯು ಚಿಮ್ಮುತ್ತದೆ. ಇಷ್ಟೆಲ್ಲಾ ಆದಾಗ ಯಾರ ಗಮನ ತಪ್ಪಲ್ಲ ಹೇಳಿ? ಹಾಗಾಗಿ ನಕಲಿ ಕಾಯಿಲ್ ಇಟ್ಟೋ, ತಲೆಯ ಬೇರೆ ಜಾಗಕ್ಕೆ ಕೊಟ್ಟೋ ಹೋಲಿಸಲೇಬೇಕು. ಯಾವುದೇ ಪೇಪರ್ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಇನ್ನು ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಂಥ, ಮಿದುಳಿನ ಆಳದ ಭಾಗಗಳಿಗೆ ಮಾಮೂಲಿ ಕಾಯಿಲ್ ನೇರವಾಗಿ ತಲುಪುವುದಿಲ್ಲ.

ತಲೆಗೆ ಎಲೆಕ್ಟ್ರೋಡ್ ಇಟ್ಟು ನೇರವಾಗಿ ಸಣ್ಣ ಕರೆಂಟ್ ಹರಿಸುವ ಟಿಡಿಸಿಎಸ್ ಬೇರೆಯೇ. ಅದರಲ್ಲಿ ಸಾಮಾನ್ಯವಾಗಿ 1ರಿಂದ 2 ಮಿಲಿಆಂಪಿಯರ್ ಕರೆಂಟ್ ಅಷ್ಟೇ. ಜಾಸ್ತಿ ಪಾಲು ನೆತ್ತಿಯ ಚರ್ಮದಲ್ಲೇ ಹರಿದುಹೋಗುತ್ತದೆ. ಫಲಿತಾಂಶಗಳೂ ಒಂದು ಕಡೆ ಬಂದದ್ದು ಇನ್ನೊಂದು ಕಡೆ ಬರುವುದಿಲ್ಲ. ನೆನಪಿನ ಶಕ್ತಿ ಹೆಚ್ಚಿಸುತ್ತೇವೆ ಅಂತ ಮಾರುವ ಹೆಡ್‌ಸೆಟ್‌ಗೆ ನಾನಂತೂ ದುಡ್ಡು ಹಾಕಲ್ಲ.

ಅಪಾಯದ ಮಾತು. ಟಿಎಂಎಸ್‌ನಿಂದ ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ಬಂದದ್ದಿದೆ. ತಲೆನೋವು ಅಷ್ಟು ಅಪರೂಪವಲ್ಲ. ಅದಕ್ಕೇ ಮೊದಲು ಫಾರ್ಮ್ ತುಂಬಿಸುತ್ತಾರೆ: ಹಿಂದೆ ಫಿಟ್ಸ್ ಬಂದಿತ್ತಾ, ತಲೆಯಲ್ಲಿ ಲೋಹ ಇದೆಯಾ, ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಒಳಗೆ ಕೂರಿಸುವ ಸಾಧನ), ಪೇಸ್‌ಮೇಕರ್ ಇದೆಯಾ, ಯಾವ ಮಾತ್ರೆ ತಗೋತೀರಿ. ನೀವು ಯಾವತ್ತಾದರೂ ಇಂಥ ಪ್ರಯೋಗಕ್ಕೆ ಹೋದರೆ ಏನನ್ನೂ ಮುಚ್ಚಿಡಬೇಡಿ. ಹಿಂದಿನ ರಾತ್ರಿ ನಿದ್ದೆ ಆಗಿಲ್ಲ ಅಂದರೆ ಅದನ್ನೂ ಹೇಳಿ. ನಿದ್ದೆಗೆಟ್ಟವರನ್ನು ನಾವು ಇನ್ನೊಂದು ದಿನ ಬನ್ನಿ ಅಂತ ವಾಪಸ್ ಕಳಿಸುತ್ತೇವೆ.