ಕಂಪ್ಯೂಟರ್ ನೆಟ್‌ವರ್ಕಿಂಗ್ ಸಂಶೋಧಕರಿಗೆ ಜರ್ನಲ್‌ಗಿಂತ ಸಮ್ಮೇಳನವೇ ಏಕೆ ಮುಖ್ಯ?

ಪ್ರಬಂಧ ಒಪ್ಪಿತವೋ ಅಲ್ಲವೋ ಎಂಬ ತೀರ್ಪು ಬೇಗ ಸಿಗುತ್ತದೆ ಎಂಬುದೇ ಮುಖ್ಯ ಕಾರಣ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಿಮಗೆ ಸಮ್ಮೇಳನವೆಂದರೆ ಹಾರ, ಶಾಲು, ಉದ್ಘಾಟನಾ ಭಾಷಣ ನೆನಪಾಗಬಹುದು. ನೆಟ್‌ವರ್ಕಿಂಗ್ ಕ್ಷೇತ್ರದ ಪ್ರಮುಖ ಸಮ್ಮೇಳನವಾದ ಸಿಗ್‌ಕಾಮ್‌ (SIGCOMM) ಹಾಗಲ್ಲ. ಅಲ್ಲಿಗೆ ಪೂರ್ಣ ಪ್ರಬಂಧವನ್ನೇ ಗಡುವಿನೊಳಗೆ ಕಳುಹಿಸಬೇಕು. ಅದೇ ಕ್ಷೇತ್ರದ ಹಲವು ತಜ್ಞರು ಲೇಖಕರ ಹೆಸರು ತಿಳಿಯದೆ ಓದಿ, ಹೆಚ್ಚಿನವನ್ನು ತಿರಸ್ಕರಿಸುತ್ತಾರೆ. ಸಮ್ಮೇಳನದ ದಿನಾಂಕ ಮೊದಲೇ ನಿಗದಿಯಾಗಿರುವುದರಿಂದ ಈ ಕೆಲಸ ಕೆಲವೇ ತಿಂಗಳಲ್ಲಿ ಮುಗಿಯಲೇಬೇಕು. ಜರ್ನಲ್‌ಗೆ ಅಂಥ ಗಡುವಿಲ್ಲ, ವರ್ಷವೇ ಉರುಳಬಹುದು.

ಅವಸರವೇಕೆ? ಈ ಕ್ಷೇತ್ರದ ಸಮಸ್ಯೆಗಳು ಕಾಯುವುದಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಅಕ್ಕಪಕ್ಕದ ಎರಡು ಸಂಸ್ಥೆಗಳ ನಡುವಿನ ಇಂಟರ್ನೆಟ್ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40ಕ್ಕೆ ಕುಸಿಯಿತು. ಶಿರಾಡಿ ಘಾಟಿಯಲ್ಲಿ ವಾಹನಗಳು ನಿಂತಾಗ ಹಿಂದಿನವರು ಇನ್ನಷ್ಟು ನುಗ್ಗುತ್ತಾರಲ್ಲ, ಹಾಗೆಯೇ ತಲುಪದ ದತ್ತಾಂಶವನ್ನು ಕಂಪ್ಯೂಟರ್‌ಗಳು ಮತ್ತೆ ಮತ್ತೆ ಕಳುಹಿಸುತ್ತಿದ್ದವು. ದಟ್ಟಣೆ ಕಂಡೊಡನೆ ಕಂಪ್ಯೂಟರ್ ತಾನೇ ನಿಧಾನಿಸುವ ಉಪಾಯ ಅಮೆರಿಕದ ಸಂಶೋಧಕ ವ್ಯಾನ್ ಜೇಕಬ್‌ಸನ್ ಅವರ ಪ್ರಬಂಧವಾಗಿ ಹೊರಬಂದದ್ದು 1988ರ ಸಿಗ್‌ಕಾಮ್‌ನಲ್ಲಿ. ಅದರ ಮೂಲ ತತ್ತ್ವ ಇಂದಿಗೂ ನಿಮ್ಮ ಮೊಬೈಲ್‌ನಲ್ಲಿ ಕೆಲಸ ಮಾಡುತ್ತಿದೆ.

ಅಂದ ಹಾಗೆ, ಹಣ ಕಟ್ಟಿದವರೆಲ್ಲರ ಪ್ರಬಂಧವನ್ನೂ ಒಪ್ಪುವ ‘ಅಂತರರಾಷ್ಟ್ರೀಯ’ ಸಮ್ಮೇಳನಗಳೂ ಇವೆ. ಕೇಳದೆಯೇ ಇ-ಮೇಲ್‌ನಲ್ಲಿ ಆಹ್ವಾನ ಬಂದರೆ ಮೊದಲು ಅನುಮಾನಿಸಿ.